ವಾಹನದ ಮುಳ್ಳುಗಳು ನುಡಿಯುವ ಮಾತು

ಸೊಲ್ಲಾಪುರದಿಂದ ನಮ್ಮ ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕಾಗಿ ಬರುವ ಕುಟುಂಬಗಳಲ್ಲಿ ಹಲವು ವ್ಯಾನುಗಳಲ್ಲಿ ಬರುತ್ತವೆ. 1984ರಲ್ಲಿ ಹೊರಬಂದ ಮಾರುತಿ ವ್ಯಾನು ಮುಂದೆ ಓಮ್ನಿಯೆನಿಸಿತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಹಳೆಯ ವಾಹನಗಳಲ್ಲಿ ವಿದ್ಯುತ್ತಿನ ದೋಷಗಳು ಸಹಜ. ಆದುದರಿಂದ ಅವುಗಳ ಮೂಲವನ್ನು ನಾವು ಅರಿಯೋಣ.

ಟಾಕಿಯಲ್ಲಿ ತೇಲುವ ಬುರುಡೆಯು ಏರಿಳಿದಂತೆ ವಿದ್ಯುತ್ತಿನ ರೋಧವು ಬದಲಾಗಿ, ಪೆಟ್ರೋಲಿನ ಮುಳ್ಳು ಸರಿಯುತ್ತದೆ. ಆ ಮುಳ್ಳೊಂದೇ ನಿಂತರೆ ದೋಷವನ್ನು ಅದರ ದಾರಿಯಲ್ಲಿಯೇ ಹುಡುಕಬೇಕು. ಉಷ್ಣತೆಯ ಮುಳ್ಳೂ ಜೊತೆಗೇ ನಿಂತರೆ, ಎರಡಕ್ಕೂ ಸಮಾನವಾದ ಫ್ಯೂಜನ್ನೂ ಅರ್ಥ್ ತಂತಿಯನ್ನೂ ಮೊದಲು ನೋಡಬೇಕು. ಎಂಜಿನು ನಡೆಯುತ್ತಿರುವಾಗ ಬ್ಯಾಟರಿಯ ಕೆಂಪು ದೀಪ ಉರಿದರೆ, 12 ವೋಲ್ಟಿನ ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲವೆಂದು ತಿಳಿಯಬೇಕು.

ಫ್ಯೂಜು ಪದೇ ಪದೇ ಕರಗಿದರೆ ಕೆಲವರು ದಪ್ಪ ತಂತಿಯನ್ನು ಸುತ್ತುವರು. ಇದು ಕಾವಲುಗಾರನನ್ನೇ ಕಳಿಸಿಬಿಟ್ಟಂತೆ! ಒಂದೇ ತಂತಿಯಲ್ಲಿ ಪ್ರವಾಹವು ಮೂರು ಪಟ್ಟಾದರೆ ಉಷ್ಣವು ಒಂಬತ್ತು ಪಟ್ಟಾಗುತ್ತದೆಂಬುದು ಜೂಲನ ನಿಯಮ. 10 ಆಂಪಿಯರಿನ ಕಡೆ 30 ಹರಿದರೆ ತಂತಿಯ ಹೊದಿಕೆ ಕರಗಿ, ಬೆಂಕಿ ಹತ್ತಬಹುದು.

ಪಾಲಕರೇ, ಮಕ್ಕಳನ್ನು ವ್ಯಾನಿನಲ್ಲಿ ಕೂಡ್ರಿಸುವ ಮುನ್ನ ಫ್ಯೂಜು ಸರಿಯಾದ ಅಳತೆಯದೇ ಎಂದು ವಿಚಾರಿಸಿರಿ. ಕೆಲವೇ ರೂಪಾಯಿಗಳ ಆ ವಸ್ತುವು ಅಮೂಲ್ಯವಾದ ಜೀವಗಳನ್ನು ಕಾಯುತ್ತದೆ.