ಪಾನುಂಗಲ್ಲಿನ ಅವಶೇಷಗಳೂ ರಾಜಚಿಹ್ನೆಗಳೂ

ಕ್ರಿ.ಪೂ. 14ನೆಯ ಶತಮಾನದಲ್ಲಿ ಈಜಿಪ್ತದ ಅರಸನಾದ ಅಖೆನಾತೆನ್ ಇಂದು ಅಮರ್ನಾ ಎನಿಸಿಕೊಳ್ಳುವ ಸ್ಥಳದಲ್ಲಿ ನೂತನ ರಾಜಧಾನಿಯೊಂದನ್ನು ಕಟ್ಟಿಸಿದನು. ಅಲ್ಲಿಯ ಶಿಲ್ಪಗಳಲ್ಲಿ ಸೂರ್ಯಬಿಂಬದ ಕಿರಣಗಳು ಕೈಗಳ ರೂಪ ತಳೆದು ರಾಜದಂಪತಿಗಳತ್ತ ಚಾಚಿರುತ್ತವೆ. ಅವನ ಕಾಲಾನಂತರ ನಗರವು ಪಾಳುಬಿದ್ದಿತು. ದೇವಾಲಯದ ಕಲ್ಲುಗಳು ಅನ್ಯ ಕಟ್ಟಡಗಳ ಪಾಲಾದವು.

ಧರ್ಮಾ ನದಿಯ ತೀರದ ನಮ್ಮ ಹಾನಗಲ್ಲೂ ಒಂದು ಕಾಲದ ರಾಜಧಾನಿಯೇ. ಶಾಸನಗಳಲ್ಲಿ ಇದರ ಹೆಸರು ಪಾನುಂಗಲ್. ಜನರ ಐತಿಹ್ಯದಲ್ಲಿ ಇದು ವಿರಾಟನಗರಿ. ಕಲ್ಯಾಣದ ಚಾಳುಕ್ಯರ ಮಾಂಡಲಿಕರಾಗಿದ್ದ ಕದಂಬರು ಇಲ್ಲಿಂದ ಪಾನುಂಗಲ್ಲು 500 ನಾಡನ್ನು ಆಳಿದರು. ಕೋಟೆಯ ಅವಶೇಷಗಳೂ, ಕಮಲಾಕೃತಿಯ ವಿಶಾಲ ಭುವನೇಶ್ವರಿಯುಳ್ಳ ತಾರಕೇಶ್ವರ ದೇವಾಲಯವೂ ಆ ವೈಭವಕ್ಕೆ ಸಾಕ್ಷಿಯಾಗಿ ಉಳಿದಿವೆ.

ಆದರೆ ಈ ಅರಸರ ರಾಜಸ್ವರೂಪವನ್ನು ಪ್ರತಿಮೆಗಳಿಗಿಂತ ಹೆಚ್ಚಾಗಿ ಅವರ ಬಿರುದಾವಳಿಯಲ್ಲಿ ಕಾಣಬೇಕು. ಅವರದು ಸಿಂಹಲಾಂಛನ, ವಾನರಧ್ವಜ. ಅವರ ಮುಂದೆ ಮೊಳಗುತ್ತಿದ್ದುದು ಪೆರ್ಮಟ್ಟಿಯೆಂಬ ವಾದ್ಯ. ಲಾಂಛನವು ರಾಜಮುದ್ರೆಯ ಗುರುತು, ಧ್ವಜವು ಪತಾಕೆಯ ಚಿಹ್ನೆ. ವಿದ್ಯಾರ್ಥಿಗಳು ಇವೆರಡನ್ನೂ ಒಂದೆಂದು ಭಾವಿಸಬಾರದು. ಹಾನಗಲ್ಲಿನಲ್ಲಿ ಆಳುತ್ತಿದ್ದರೂ ಅವರು ‘ಬನವಾಸಿಪುರವರಾಧೀಶ್ವರ’ರೆಂದು ಕರೆದುಕೊಂಡುದು ಪ್ರಾಚೀನ ಕದಂಬ ವಂಶದ ಹಕ್ಕನ್ನು ಸಾರುವುದಕ್ಕಾಗಿ.

ಶಿಲೆಯಲ್ಲಿ ರೂಪ ಪಡೆದವನಾದರೋ ಮಡಿದ ಯೋಧ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ, ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಹೋರಾಡಿ ಪ್ರಾಣಾರ್ಪಣೆ ಮಾಡಿದನು. ಆ ಸಲ ಮುತ್ತಿಗೆ ಹಿಮ್ಮೆಟ್ಟಿತು. ಈ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟುದು ಹಾನಗಲ್ಲಿನ ವೀರಗಲ್ಲು. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಯುದ್ಧ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ. ಅಖೆನಾತೆನನ ನಗರದಲ್ಲಿ ದೇವರ ಕೈ ಅರಸನತ್ತ ಚಾಚಿದರೆ, ಇಲ್ಲಿ ದೇವಸಾನ್ನಿಧ್ಯಕ್ಕೇರುವವನು ಊರಿಗಾಗಿ ಮಡಿದ ಬಂಟ. ನಮ್ಮ ನಾಡಿನ ಶಿಲ್ಪದ ಹಿರಿಮೆ ಇದು.

ತಾರಕೇಶ್ವರಕ್ಕೆ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತ ಕಲ್ಲಿಗೆ ಊರವರೇ ರಕ್ಷಕರು. ಬರೆಹವುಳ್ಳ ಕಲ್ಲೊಂದು ಮನೆಯ ಮೆಟ್ಟಿಲಾದರೆ ಒಬ್ಬ ಸೋಹಣಿಯ ಹೆಸರೇ ಅಳಿಯುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಅಧ್ಯಾಪಕರು ತಮ್ಮೂರ ಕಲ್ಲುಗಳನ್ನು ಮಕ್ಕಳಿಗೆ ತೋರಿಸಿ, ಅಕ್ಷರಗಳನ್ನು ಓದಿಸಿ, ಅವು ಇರುವ ಸ್ಥಳವನ್ನು ಶಾಲೆಯ ದಾಖಲೆಯಲ್ಲಿ ಬರೆದಿಡಲಿ. ದಾನಿಗಳು ಅಂಥ ಕಲ್ಲಿಗೊಂದು ಕಟ್ಟೆಯನ್ನು ಕಟ್ಟಿಸಿದರೆ ಅದೂ ವಿದ್ಯಾದಾನವೇ.