ನಿಷೇಧವೂ ಸಾಂದ್ರತೆಯೂ

ಕಾಲೇಜಿನ ಪ್ರಯೋಗಶಾಲೆಗಳಲ್ಲಿ ದೀಪ ಉರಿಸಲು ಉಪಯೋಗಿಸುವ ಸ್ಪಿರಿಟ್ಟನ್ನು ವಿದ್ಯಾರ್ಥಿಗಳೆಲ್ಲರೂ ನೋಡಿರುತ್ತಾರೆ. ಅದರ ಸೀಸೆಯ ಮೇಲೆ ‘ವಿಷ’ ಎಂದು ಬರೆದಿರುವುದುಂಟು. ಆದರೆ ಸೀಸೆಯಲ್ಲಿರುವುದರ ಬಹುಭಾಗ ಈಥೈಲ್ ಆಲ್ಕೊಹಾಲ್. ಎಂದರೆ ಬಿಯರು, ಬ್ರಾಂದಿಗಳಲ್ಲಿರುವ ಮದ್ಯಸಾರವೇ. ವಿಷವಾದುದು ಅದಕ್ಕೆ ಬೇಕೆಂದೇ ಬೆರೆಸಿರುವ ಮೀಥೈಲ್ ಆಲ್ಕೊಹಾಲ್ ಮೊದಲಾದ ಪದಾರ್ಥಗಳು. ಕುಡಿಯುವ ಮದ್ಯಸಾರಕ್ಕೆ ಭಾರಿ ಸುಂಕವುಂಟು, ಕೈಗಾರಿಕೆಯ ಮದ್ಯಸಾರಕ್ಕೆ ಅಷ್ಟಿಲ್ಲ; ಎರಡನೆಯದು ಕಳ್ಳದಾರಿಯಿಂದ ಮೊದಲನೆಯದರ ಜಾಗಕ್ಕೆ ಬಾರದಿರಲೆಂದು ಅದನ್ನು ಹೀಗೆ ಕೆಡಿಸಿಡುತ್ತಾರೆ.

ಸುಂಕದ ಮಟ್ಟಿಗೆ ಇದು ಸಣ್ಣ ಏರ್ಪಾಡು. ಆದರೆ ಜನರು ಬಯಸುವ ಒಂದು ಪದಾರ್ಥವನ್ನು ಸರ್ಕಾರ ಸಂಪೂರ್ಣವಾಗಿ ನಿಷೇಧಿಸಿದರೆ ಆ ಪದಾರ್ಥಕ್ಕೆ ಏನಾಗುತ್ತದೆ? ಅದು ಮಾಯವಾಗುವುದೆ, ಇಲ್ಲವೆ ಬೇರೊಂದು ರೂಪವನ್ನು ತಾಳುವುದೆ? ಮದ್ಯ, ಅಫೀಮು, ಹೆರಾಯಿನ್‌ಗಳು ಮನುಷ್ಯನನ್ನು ಹಾಳುಮಾಡಬಲ್ಲವು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಅವುಗಳ ಕೇಡಿನೊಡನೆ ನಿಷೇಧವು ತಾನೂ ಎಷ್ಟು ಕೇಡನ್ನು ಕೂಡಿಸುತ್ತದೆ ಎಂಬುದಷ್ಟೇ ಇಲ್ಲಿ ನಾವು ಪರಿಶೀಲಿಸಹೊರಟಿರುವ ವಿಷಯ.

1920ರ ಜನವರಿ 17ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪಾನನಿರೋಧ ಜಾರಿಗೆ ಬಂದಿತು. ಮದ್ಯದ ತಯಾರಿಕೆ, ಮಾರಾಟ, ಸಾಗಣೆಗಳು ಮೂರೂ ಅಪರಾಧಗಳಾದವು. ಇದರ ಹಿಂದೆ ದುರುದ್ದೇಶವೇನೂ ಇರಲಿಲ್ಲ. ಕುಡಿತದಿಂದ ಮನೆಗಳು ಮುರಿಯುವುದನ್ನು ಕಂಡು ನೊಂದವರು, ಅವರಲ್ಲಿಯೂ ಹೆಂಗಸರು, ದಶಕಗಳ ಕಾಲ ಹೋರಾಡಿ ಪಡೆದ ಕಾನೂನು ಅದು. ಮೊದಲ ವರ್ಷಗಳಲ್ಲಿ ಕುಡಿತ ಇಳಿದದ್ದೂ, ಯಕೃತ್ತಿನ ರೋಗದಿಂದ ಸಾಯುವವರ ಸಂಖ್ಯೆ ಹಿಂದಿನದಕ್ಕಿಂತ ಕಡಮೆಯಾಗಿದ್ದದ್ದೂ ನಿಜ. ಇದನ್ನು ಮರೆಮಾಡಿ ವಾದಿಸುವುದು ವಿಜ್ಞಾನಕ್ಕೆ ಒಪ್ಪುವ ರೀತಿಯಲ್ಲ.

ಆದರೆ ಉಳಿದ ಕುಡಿತದ ಸ್ವರೂಪವೇ ಬದಲಾಯಿತು. ಬಿಯರಿನಲ್ಲಿ ನೂರಕ್ಕೆ ಸುಮಾರು 5 ಭಾಗ ಮದ್ಯಸಾರವಿರುತ್ತದೆ; ವಿಸ್ಕಿಯಲ್ಲಿ ಸುಮಾರು 40 ಭಾಗ. ಆದುದರಿಂದ ಒಂದು ಲೀಟರು ವಿಸ್ಕಿಯಲ್ಲಿರುವಷ್ಟೇ ಮದ್ಯಸಾರವನ್ನು ಬಿಯರಿನ ರೂಪದಲ್ಲಿ ಸಾಗಿಸಬೇಕಾದರೆ ಎಂಟು ಲೀಟರು ಬೇಕು. ಪೋಲೀಸರ ಕಣ್ಣು ತಪ್ಪಿಸಿ ರಾತ್ರಿಯಲ್ಲಿ ಮೋಟಾರಿನಲ್ಲಿ ಸರಕು ಸಾಗಿಸುವವನು ಯಾವುದನ್ನು ಆರಿಸುವನು? ಸಿಕ್ಕಿಬಿದ್ದರೆ ಶಿಕ್ಷೆ ಎರಡಕ್ಕೂ ಒಂದೇ. ಆದರೆ ಲಾಭ ಒಂದರಲ್ಲಿ ಎಂಟುಪಟ್ಟು. ಅರ್ಥಶಾಸ್ತ್ರಜ್ಞ ಕ್ಲಾರ್ಕ್ ವಾರ್ಬರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪಲ್ಲಟ ಸ್ಪಷ್ಟವಾಗಿ ಕಂಡುಬಂದಿತು: ಬಿಯರಿಗೆ ವೆಚ್ಚವಾಗುತ್ತಿದ್ದ ಹಣದ ಪಾಲು ಕುಗ್ಗಿ, ಭಟ್ಟಿಯಿಳಿಸಿದ ಕಟು ಮದ್ಯಗಳ ಪಾಲು ಹಿಗ್ಗಿದ್ದಿತು. ನಿಷೇಧ ಬಿಗಿಯಾದಷ್ಟೂ ವಸ್ತುವಿನ ಸಾಂದ್ರತೆ ಏರುತ್ತದೆ ಎಂಬ ಈ ಪ್ರವೃತ್ತಿಗೆ 1986ರಲ್ಲಿ ರಿಚರ್ಡ್ ಕೋವನ್ ಎಂಬ ಅಮೆರಿಕದ ಲೇಖಕ ‘ನಿಷೇಧದ ಉಕ್ಕಿನ ನಿಯಮ’ ಎಂದು ಹೆಸರಿಟ್ಟನು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ‘ನಿಯಮ’ ಎಂಬ ಮಾತನ್ನು ಇಷ್ಟು ಧಾರಾಳವಾಗಿ ಉಪಯೋಗಿಸುವುದು ಹಿತವಲ್ಲ. ಓಮ್‌ನ ನಿಯಮದಂತೆ ಇದು ಅಳೆದು ಖಚಿತಪಡಿಸಿದುದಲ್ಲ. ಆದರೂ ಪ್ರವೃತ್ತಿಯೇನೋ ಉಂಟು.

ಕಳ್ಳವ್ಯಾಪಾರಿಗಳು ಕೈಗಾರಿಕೆಯ ಮದ್ಯಸಾರವನ್ನು ಕದ್ದು, ವಿಷವನ್ನು ಬೇರ್ಪಡಿಸಿ ಮಾರತೊಡಗಿದರು. ಬೇರ್ಪಡಿಸುವುದು ಕಷ್ಟವಾಗಲೆಂದು ಸರ್ಕಾರ ಮೀಥೈಲ್ ಆಲ್ಕೊಹಾಲಿನ ಪ್ರಮಾಣವನ್ನು ಹೆಚ್ಚಿಸಿತು. 1926ರ ಕ್ರಿಸ್‌ಮಸ್ ಸಮಯದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳು ಇಂಥ ಮದ್ಯ ಕುಡಿದವರಿಂದ ತುಂಬಿದವು. ಅಲ್ಲಿನ ಮುಖ್ಯ ಶವಪರೀಕ್ಷಕನಾಗಿದ್ದ ಡಾ. ಚಾರ್ಲ್ಸ್ ನಾರಿಸ್, ಜನರು ಹೇಗೂ ಕುಡಿಯುತ್ತಾರೆಂದು ತಿಳಿದೂ ತಿಳಿದೂ ವಿಷವನ್ನು ಬೆರೆಸುತ್ತಿರುವ ಸರ್ಕಾರವೇ ಈ ಸಾವುಗಳಿಗೆ ನೈತಿಕವಾಗಿ ಹೊಣೆಯೆಂದು ಬಹಿರಂಗವಾಗಿ ಸಾರಿದನು. ಹಣವಿದ್ದವರಿಗೆ ಒಳ್ಳೆಯ ವಿಸ್ಕಿ ಆಗಲೂ ಸಿಕ್ಕುತ್ತಿದ್ದಿತು. ಸತ್ತವರು ಹೆಚ್ಚಾಗಿ ಬಡವರು. ಮೋಸವಾದರೆ ನ್ಯಾಯಾಲಯಕ್ಕೆ ಹೋಗಲಾಗದ ವ್ಯಾಪಾರದಲ್ಲಿ ಬಂದೂಕೇ ನ್ಯಾಯಾಧೀಶನಾಗುತ್ತದೆ. 1929ರ ಫೆಬ್ರವರಿ 14ರಂದು ಷಿಕಾಗೊ ನಗರದಲ್ಲಿ ಕಳ್ಳವ್ಯಾಪಾರಿಗಳ ಜಗಳದಲ್ಲಿ ಏಳು ಜನರನ್ನು ಗೋಡೆಯ ಬದಿ ಸಾಲಾಗಿ ನಿಲ್ಲಿಸಿ ಕೊಂದರು. 1933ರ ಡಿಸೆಂಬರ್ 5ರಂದು ಪಾನನಿರೋಧ ರದ್ದಾಯಿತು.

ಮೀಥೈಲ್ ಆಲ್ಕೊಹಾಲ್ ಏಕೆ ಇಷ್ಟು ಘೋರ? ನೋಟಕ್ಕೂ ವಾಸನೆಗೂ ಅದು ಬಹುಮಟ್ಟಿಗೆ ತನ್ನ ಸೋದರನಂತೆಯೇ. ಒಂದು 64.7 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ, ಇನ್ನೊಂದು 78.4ರಲ್ಲಿ. ಅದು ತಾನೇ ನೇರವಾಗಿ ದೊಡ್ಡ ವಿಷವಲ್ಲ. ಯಕೃತ್ತಿನಲ್ಲಿರುವ ಒಂದು ಕಿಣ್ವ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ, ಅನಂತರ ಬೇರೊಂದು ಕಿಣ್ವ ಅದನ್ನು ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಕೆಲವು ಬಗೆಯ ಇರುವೆಗಳ ವಿಷದಲ್ಲಿರುವುದು ಈ ಆಮ್ಲವೇ. ಇದು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳದಂತೆ ತಡೆಯುತ್ತದೆ. ಕಣ್ಣಿನ ನರಕ್ಕೆ ಮೊದಲು ಪೆಟ್ಟು ಬೀಳುತ್ತದೆ. ಬದುಕಿ ಉಳಿದವರು ಎಷ್ಟೋ ವೇಳೆ ಕುರುಡರಾಗುತ್ತಾರೆ. ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಚಿಕಿತ್ಸೆಗಳಲ್ಲೊಂದು ಶುದ್ಧವಾದ ಈಥೈಲ್ ಆಲ್ಕೊಹಾಲೇ ಎಂಬುದು ಸ್ವಾರಸ್ಯ. ಅದೇ ಕಿಣ್ವ ಈಥೈಲಿನ ಕಡೆಗೆ ಹೆಚ್ಚು ಒಲಿಯುವುದರಿಂದ, ಮೀಥೈಲ್ ಮಾರ್ಪಾಡಾಗದೆ ಮೆಲ್ಲಮೆಲ್ಲನೆ ದೇಹದಿಂದ ಹೊರಬೀಳುತ್ತದೆ.

ಈ ರಸಾಯನಶಾಸ್ತ್ರ ನಮ್ಮ ನಾಡಿಗೆ ದೂರದ್ದಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಮಿಕ್ಕ ಜನ ಸತ್ತರು. ಆಗ ಸಾರಾಯಿಗೆ ನಿಷೇಧವಿರಲಿಲ್ಲ. ಆದುದರಿಂದ ಇಂಥ ದುರಂತಗಳಿಗೆಲ್ಲ ನಿಷೇಧವೊಂದೇ ಕಾರಣವೆನ್ನುವಂತಿಲ್ಲ, ಬಡತನವೂ ಸುಂಕ ತಪ್ಪಿಸುವ ಆಸೆಯೂ ಸಾಕು. ಆದರೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಬಡವನ ಅಗ್ಗದ ಪಾನೀಯ ಹೋಗಿ ದುಬಾರಿಯದು ಮಾತ್ರ ಉಳಿಯಿತು. ವರ್ಷ ತುಂಬುವುದಕ್ಕೆ ಮುಂಚೆಯೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು ಮತ್ತು ಕೋಲಾರದ ಸುತ್ತಿನಲ್ಲಿಯೂ ಗಡಿಯಾಚೆಯ ಕೃಷ್ಣಗಿರಿಯಲ್ಲಿಯೂ ಕಳ್ಳಸಾರಾಯಿಗೆ ನೂರೈವತ್ತಕ್ಕೂ ಹೆಚ್ಚು ಜನ ಬಲಿಯಾದರು. 2016ರಲ್ಲಿ ಸಂಪೂರ್ಣ ಪಾನನಿರೋಧ ತಂದ ಬಿಹಾರದ ಸಾರಣ ಜಿಲ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ ಇದೇ ಕಥೆ ಪುನರಾವರ್ತಿಸಿತು.

ಮದ್ಯದಿಂದ ಅಫೀಮಿಗೆ ಬಂದರೆ ಸಾಂದ್ರತೆಯ ಏಣಿ ಇನ್ನೂ ಎತ್ತರವಾಗುತ್ತದೆ. ಏಷ್ಯದ ಅನೇಕ ಕಡೆಗಳಲ್ಲಿ ಅಫೀಮನ್ನು ಕೊಳವೆಯಲ್ಲಿ ಸೇದುವ ಹಳೆಯ ಅಭ್ಯಾಸವಿದ್ದಿತು. ಅದರ ವಾಸನೆ ದೂರಕ್ಕೆ ಹರಡುತ್ತದೆ, ಸರಕೂ ತೂಕದ್ದು. ಹಾಂಗ್‌ಕಾಂಗ್‌ನಲ್ಲಿ 1945ರಲ್ಲಿ, ಥಾಯ್ಲೆಂಡಿನಲ್ಲಿ 1959ರಲ್ಲಿ, ಲಾವೋಸಿನಲ್ಲಿ 1971ರಲ್ಲಿ ಅಫೀಮನ್ನು ನಿಷೇಧಿಸಿದರು. ಮೂರು ಕಡೆಯೂ ಅಫೀಮಿನ ಬದಲು ವಾಸನೆಯಿಲ್ಲದ, ಹಗುರವಾದ, ಅದಕ್ಕಿಂತ ಎಷ್ಟೋ ಪಾಲು ತೀಕ್ಷ್ಣವಾದ ಹೆರಾಯಿನ್ ಬಂದು ನೆಲೆಸಿತು. ಇದನ್ನು ಜೋಸೆಫ್ ವೆಸ್ಟರ್‌ಮೇಯರ್ ಎಂಬ ಮನೋವೈದ್ಯ 1976ರಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಏಣಿಯ ಇನ್ನೊಂದು ಮೆಟ್ಟಿಲು ಫೆಂಟನಿಲ್. ಬೆಲ್ಜಿಯಮ್ಮಿನ ಪಾಲ್ ಜಾನ್‌ಸೆನ್ನನ ಪ್ರಯೋಗಶಾಲೆಯಲ್ಲಿ ತಯಾರಾದ ಇದು ಶಸ್ತ್ರಚಿಕಿತ್ಸೆಯಲ್ಲಿ ನೋವನ್ನು ತಡೆಯುವ ಅಮೂಲ್ಯ ಔಷಧ. ಹೆರಾಯಿನ್‌ಗಿಂತ ಸುಮಾರು 50 ಪಾಲು ಪ್ರಬಲ. ಎಂದರೆ 50 ಕಿಲೋಗ್ರಾಂ ಹೆರಾಯಿನ್ ಮಾಡುವ ಕೆಲಸಕ್ಕೆ ಕೈಚೀಲದಲ್ಲಿ ಹಿಡಿಸುವ ಒಂದು ಕಿಲೋಗ್ರಾಂ ಸಾಕು. ಇದಕ್ಕೆ ಗಸಗಸೆಯ ಹೊಲವೂ ಬೇಡ.

ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಸರಳ ಸತ್ಯ ಪ್ರಾಣಾಂತಿಕವಾಗುತ್ತದೆ. ಕಾಳುಗಳನ್ನು ಯಾದೃಚ್ಛಿಕವಾಗಿ ಬೆರೆಸಿ ಪೊಟ್ಟಣ ಕಟ್ಟಿದಾಗ, ಒಂದು ಪೊಟ್ಟಣದಲ್ಲಿ ಸರಾಸರಿ 100 ಕಾಳುಗಳಿದ್ದರೆ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ 10. ಇದು ನೂರಕ್ಕೆ ಹತ್ತು ಮಾತ್ರ. ಸರಾಸರಿ 4 ಇದ್ದರೆ ಏರಿಳಿತ 2. ಇದು ನೂರಕ್ಕೆ ಐವತ್ತು! ಲೆಕ್ಕ ಹಾಕಿ ನೋಡಿದರೆ ಸುಮಾರು ಇಪ್ಪತ್ತು ಪೊಟ್ಟಣಗಳಲ್ಲಿ ಒಂದರಲ್ಲಿ ಎಂಟು ಅಥವಾ ಅದಕ್ಕೂ ಹೆಚ್ಚು ಕಾಳುಗಳು ಸೇರಿರುತ್ತವೆ. ಸರಾಸರಿ 100 ಇದ್ದಲ್ಲಿ ಹೀಗೆ ಇಮ್ಮಡಿಯಾಗುವ ಸಂಭವ ಇಲ್ಲವೆಂದೇ ಹೇಳಬಹುದು. ವಸ್ತು ಪ್ರಬಲವಾದಷ್ಟೂ ಒಂದು ಪೊಟ್ಟಣಕ್ಕೆ ಬೇಕಾಗುವ ಕಾಳುಗಳು ಕಡಮೆ. ಪುಡಿ ಗಂಟುಕಟ್ಟಿದರಂತೂ ಇನ್ನೂ ಕಡಮೆ. ಔಷಧದ ಕಾರ್ಖಾನೆಯಲ್ಲಿ ನಯವಾಗಿ ಅರೆದು, ಬೆರೆಸಿ, ಅಳೆದು, ಪರೀಕ್ಷಿಸುವ ಏರ್ಪಾಡಿದೆ. ಕಳ್ಳ ಕೋಣೆಯಲ್ಲಿ ಅದಿಲ್ಲ. ಕೊಳ್ಳುವವನಿಗೆ ಪೊಟ್ಟಣದಲ್ಲಿ ಎಷ್ಟಿದೆಯೆಂಬುದು ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಅಮೆರಿಕದಲ್ಲಿ 2021, 2022, 2023 ಈ ಮೂರು ವರ್ಷಗಳಲ್ಲಿಯೂ ಮಾದಕ ವಸ್ತುಗಳು ಪ್ರಮಾಣ ಮೀರಿ ಸತ್ತವರ ಸಂಖ್ಯೆ ವರ್ಷಕ್ಕೆ ಒಂದು ಲಕ್ಷವನ್ನು ದಾಟಿತು. ಹೆಚ್ಚಿನ ಸಾವುಗಳಲ್ಲಿ ಫೆಂಟನಿಲ್ ಇದ್ದಿತು.

ವಸ್ತು ದುಬಾರಿಯಾದಾಗ ಸೇದಿ ಹೊಗೆಮಾಡುವುದಕ್ಕಿಂತ ಚುಚ್ಚಿಕೊಳ್ಳುವುದು ಮಿತವ್ಯಯ. ಸಿರಿಂಜು ಜೇಬಿನಲ್ಲಿದ್ದರೆ ಪೋಲೀಸರ ಭಯ. ಆದುದರಿಂದ ಒಂದನ್ನೇ ಹಲವರು ಹಂಚಿಕೊಳ್ಳುತ್ತಾರೆ. ಮಣಿಪುರದಲ್ಲಿ ಸೂಜಿ ಚುಚ್ಚಿಕೊಳ್ಳುವ ವ್ಯಸನಿಗಳ ರಕ್ತವನ್ನು ಪರೀಕ್ಷಿಸಿದಾಗ, 1989ರ ಸೆಪ್ಟೆಂಬರಿನವರೆಗೆ ಎಚ್‌ಐವಿ ಕಂಡಿರಲಿಲ್ಲ. ಆರೇ ತಿಂಗಳಲ್ಲಿ ಅದು ಸುಮಾರು ಅರ್ಧದಷ್ಟು ಜನರಲ್ಲಿ ಹರಡಿದ್ದಿತು. ಅಲ್ಲಿಂದ ಅದು ಅವರ ಹೆಂಡಂದಿರಿಗೂ ಮಕ್ಕಳಿಗೂ ಮುಟ್ಟಿತು.

ಇನ್ನೊಂದು ವೆಚ್ಚ ವ್ಯಸನಿಗಳಿಗೆ ಸಂಬಂಧಿಸಿದ್ದೇ ಅಲ್ಲ. ನಮ್ಮ ದೇಶದಲ್ಲಿ 1985ರಲ್ಲಿ ಮಾದಕ ವಸ್ತುಗಳ ಕಠಿಣ ಕಾನೂನು ಬಂದಿತು. ಕನಿಷ್ಠ ಹತ್ತು ವರ್ಷದ ಸೆರೆಮನೆಯ ಭಯ, ಹಲವು ಇಲಾಖೆಗಳ ಪರವಾನಗಿಗಳ ಕಾಟ—ಇವುಗಳಿಂದ ಆಸ್ಪತ್ರೆಗಳೂ ಔಷಧಾಲಯಗಳೂ ಮಾರ್ಫೀನನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 1985ರಿಂದ 1997ರೊಳಗೆ ವೈದ್ಯಕೀಯ ಮಾರ್ಫೀನಿನ ಬಳಕೆ ನೂರಕ್ಕೆ 97ರಷ್ಟು ಕುಸಿಯಿತು. ಪ್ರಪಂಚದ ಔಷಧಕ್ಕೆ ಬೇಕಾದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ರಫ್ತುಮಾಡುವ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳು ನೋವಿನಿಂದ ಚೀರುತ್ತ ಸತ್ತರು. ನಿಷೇಧದ ಲಾಭನಷ್ಟಗಳ ಪಟ್ಟಿಯಲ್ಲಿ ಇವರನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಹಾಗಾದರೆ ಎಲ್ಲವನ್ನೂ ಕಿರಾಣಿ ಅಂಗಡಿಯಲ್ಲಿ ಮಾರಬೇಕೆ? ಸುಧಾರಣೆಯೆಂದರೆ ಅದಲ್ಲ. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದ ಒಂದು ಉದ್ಯಾನದಲ್ಲಿ ಸಾವಿರಾರು ವ್ಯಸನಿಗಳು ಬಯಲಿನಲ್ಲಿಯೇ ಸೂಜಿ ಚುಚ್ಚಿಕೊಳ್ಳುತ್ತಿದ್ದರು. 1992ರಲ್ಲಿ ಅದನ್ನು ಮುಚ್ಚಿದರು. ಜನರು ಬೇರೆಡೆಗೆ ಚದುರಿದರು, ಅಷ್ಟೆ. 1994ರಿಂದ ಅಲ್ಲಿನ ಸರ್ಕಾರ, ಬೇರೆ ಚಿಕಿತ್ಸೆಗಳಿಂದ ಗುಣ ಕಾಣದವರಿಗೆ ಚಿಕಿತ್ಸಾಲಯದಲ್ಲಿ ದಾದಿಯರ ಎದುರಿನಲ್ಲಿಯೇ ಅಳತೆಯ ಶುದ್ಧ ಹೆರಾಯಿನನ್ನು ಕೊಡುವ ಪ್ರಯೋಗ ಆರಂಭಿಸಿತು. ಹಾಗೆ ಚಿಕಿತ್ಸೆ ಪಡೆದವರಲ್ಲಿ ಕಳವು ಮೊದಲಾದ ಅಪರಾಧಗಳು ಇಳಿದವು, ಆರೋಗ್ಯ ಸುಧಾರಿಸಿತು. 2008ರಲ್ಲಿ ಮತದಾರರೇ ನೂರಕ್ಕೆ 68 ಮತಗಳಿಂದ ಇದನ್ನು ಕಾಯಂ ಮಾಡಿದರು.

ಪೋರ್ಚುಗಲ್ 2001ರ ಜುಲೈಯಿಂದ ಹತ್ತು ದಿನಗಳ ಸ್ವಂತ ಬಳಕೆಗೆ ಸಾಲುವಷ್ಟು ಮಾದಕ ವಸ್ತುವನ್ನು ಇಟ್ಟುಕೊಳ್ಳುವುದನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು. ಮಾರುವುದು ಈಗಲೂ ಅಪರಾಧವೇ. ಸಿಕ್ಕಿಬಿದ್ದವನು ಹೋಗಬೇಕಾದುದು ನ್ಯಾಯಾಲಯಕ್ಕಲ್ಲ, ಕಾನೂನು, ಆರೋಗ್ಯ, ಸಮಾಜಸೇವೆಗಳನ್ನು ಬಲ್ಲವರ ಒಂದು ಸಣ್ಣ ಮಂಡಲಿಗೆ. ಇದರೊಡನೆಯೇ ಚಿಕಿತ್ಸೆಯನ್ನೂ ಸೂಜಿಯ ವಿನಿಮಯವನ್ನೂ ವಿಸ್ತರಿಸಿದರು. ಚುಚ್ಚಿಕೊಳ್ಳುವವರಲ್ಲಿ ವರ್ಷಕ್ಕೆ ಸಾವಿರದ ಸುಮಾರಿನಲ್ಲಿದ್ದ ಹೊಸ ಎಚ್‌ಐವಿ ಪ್ರಕರಣಗಳು 2013ರ ವೇಳೆಗೆ ನೂರಕ್ಕಿಂತ ಕೆಳಗಿಳಿದವು. ಅಮೆರಿಕದ ಆರೆಗಾನ್ ರಾಜ್ಯ 2021ರಲ್ಲಿ ಇದೇ ದಾರಿ ಹಿಡಿಯಿತು. ಆದರೆ ಶಿಕ್ಷೆಯನ್ನು ಮೊದಲ ದಿನವೇ ತೆಗೆದು, ಚಿಕಿತ್ಸಾಲಯಗಳನ್ನು ತಡವಾಗಿ ಕಟ್ಟಹೊರಟಿತು. ಜನರು ಬೀದಿಯ ಅವ್ಯವಸ್ಥೆಯನ್ನು ಕಂಡು ಬೇಸತ್ತರು, 2024ರಲ್ಲಿ ಶಿಕ್ಷೆ ಮರಳಿ ಬಂದಿತು. ಪೋರ್ಚುಗಲ್ಲಿನ ಯಶಸ್ಸಿನಲ್ಲಿ ಕಾನೂನಿನ ಪಾಲೆಷ್ಟು, ಚಿಕಿತ್ಸೆಯ ಪಾಲೆಷ್ಟು ಎಂದು ಯೋಚಿಸುವವರಿಗೆ ಈ ವಿಫಲ ಪ್ರಯೋಗ ಬೆಲೆಯುಳ್ಳದ್ದು. ಚಿಕಿತ್ಸೆಯ ಪಾಲೇ ಹಿರಿದೆಂದು ನಮಗೆ ತೋರುತ್ತದೆ. ಆದರೆ ಸೆರೆಮನೆಯ ಭಯವಿರುವವರೆಗೆ ರೋಗಿ ಚಿಕಿತ್ಸಾಲಯದ ಬಾಗಿಲು ತಟ್ಟುವುದಿಲ್ಲ.

ನಮ್ಮ ಕಾನೂನೂ ಇದ್ದಲ್ಲಿಯೇ ಇಲ್ಲ. 2001ರಲ್ಲಿ ಶಿಕ್ಷೆಯನ್ನು ವಸ್ತುವಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿದರು. ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಯನ್ನು ವಿಚಾರಣೆಯಿಂದ ಬಿಡುವ 64ಎ ಎಂಬ ವಿಧಿ ಅದರಲ್ಲಿದೆ. ಅದರ ಪಕ್ಕದಲ್ಲಿಯೇ, ಸೇವನೆಯನ್ನೇ ಅಪರಾಧವೆಂದು ಎಣಿಸಿ ಒಂದು ವರ್ಷದವರೆಗೆ ಸೆರೆ ವಿಧಿಸಬಹುದಾದ 27ನೆಯ ವಿಧಿಯೂ ಇದೆ. 2014ರಲ್ಲಿ ಪಾರ್ಲಿಮೆಂಟು ಮಾರ್ಫೀನಿನಂಥ ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಏಕರೂಪದ ನಿಯಮಗಳನ್ನು ತರುವ ತಿದ್ದುಪಡಿಯನ್ನು ಒಪ್ಪಿತು. ಹಿಂದೆ ಹಲವು ಕಚೇರಿಗಳನ್ನು ಸುತ್ತಬೇಕಾಗಿದ್ದ ಆಸ್ಪತ್ರೆ ಈಗ ರಾಜ್ಯದ ಔಷಧ ನಿಯಂತ್ರಕರೊಬ್ಬರಿಂದ ಮಾನ್ಯತೆ ಪಡೆದರೆ ಸಾಕು. ನೋವಿನಿಂದ ನರಳುವ ರೋಗಿಗೆ ಮಾರ್ಫೀನನ್ನು ಬರೆದುಕೊಡುವುದು ಹೇಗೆಂಬುದನ್ನು, ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಆ ಔಷಧವನ್ನೇ ಕಾಣದೆ ಬೆಳೆದ ವೈದ್ಯರಿಗೆ ಹೊಸದಾಗಿ ಕಲಿಸಬೇಕಾಗಿ ಬಂದಿದೆ.