ಯಾರ ಕೈಕೆಳಗೆ ಕಲಿಯುತ್ತೀ ನೋಡು

ತಂಗಿ,

ಸಿ.ಎ. ಇಂಟರ್‌ನ ಎರಡೂ ಗ್ರೂಪ್ ಒಟ್ಟಿಗೆ ಪಾಸಾಯಿತೆಂದು ನಿನ್ನ ಅಪ್ಪ ಪೇಡೆ ಹಿಡಿದು ಬಂದಿದ್ದರು. ಖುಷಿಯ ಬೆನ್ನಿಗೇ ಚಿಂತೆಯನ್ನೂ ಹೇಳಿಕೊಂಡರು. ಆರ್ಟಿಕಲ್‌ಶಿಪ್ಪಿಗೆ ಬೆಂಗಳೂರೇ ಆಗಬೇಕು, ಅದರಲ್ಲೂ ದೊಡ್ಡ ಆಡಿಟ್ ಫರ್ಮುಗಳಾದ ಬಿಗ್ ಫೋರ್‌ನಲ್ಲೇ ಆಗಬೇಕು ಎಂಬುದು ನಿನ್ನ ಹಟ. ಕಾರವಾರದಲ್ಲೇ ಒಬ್ಬ ಸಿ.ಎ. ಹತ್ತಿರ ಸೇರಿಕೊಳ್ಳಲಿ, ಕಡವಾಡದಿಂದ ಬಸ್ಸಿಗೆ ಹೋಗಿ ಬರಲಿ ಎಂಬುದು ಅವರ ಆಸೆ. ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆ ಇದೆಯಲ್ಲ ಎನ್ನುವುದು ಅಮ್ಮನ ಮಾತು. ಇಷ್ಟರ ಮೇಲೆ ನಿನ್ನ ಗೆಳತಿ, ಎಲ್ಲಿ ಮಾಡಿದರೇನು, ಹೇಗೂ ಪಾಸಾದ ಮೇಲೆ ಕಂಪನಿ ನೌಕರಿಗೆ ಹೋಗುವವರೇ ನಾವು ಎಂದಳಂತೆ.

ನಿಮ್ಮ ನಾಲ್ವರ ಮಾತಿನಲ್ಲೂ ಸತ್ಯ ಇದೆ. ಆದರೆ ನಾಲ್ವರೂ ಊರನ್ನೂ ಬೋರ್ಡನ್ನೂ ನೋಡುತ್ತಿದ್ದೀರಿ, ಕೆಲಸವನ್ನು ನೋಡುತ್ತಿಲ್ಲ. ಈ ಕಸುಬಿನಲ್ಲೇ ತಲೆ ಬೆಳ್ಳಗಾದವನಾಗಿ ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು.

ನಿನ್ನ ವಯಸ್ಸಿನವರು ನನ್ನ ಹತ್ತಿರ ಬಂದಾಗ ಸಾಮಾನ್ಯವಾಗಿ ಹೇಳುವುದು ಹೀಗೆ: ಆಡಿಟ್ ಅಂದರೆ ಹಸಿರು ಪೆನ್ನಿನಲ್ಲಿ ಟಿಕ್ ಹೊಡೆಯುವುದು, ಬೇಸರದ ಕೆಲಸ, ದೊಡ್ಡ ಫರ್ಮಿನ ಹೆಸರು ಬಯೋಡೇಟಾದಲ್ಲಿ ಬಿದ್ದರೆ ಸಾಕು, ಸಣ್ಣ ಆಫೀಸೆಂದರೆ ರಿಟರ್ನ್ ತುಂಬುವ ಅಂಗಡಿ. ಪ್ರಾಕ್ಟೀಸಿನಲ್ಲಿ ಇರುವವರನ್ನು ಕೇಳಿದರೆ ಬೇರೆ ರಾಗ. ಗಡುವಿನ ಮೇಲೆ ಗಡುವು, ಫೀ ಮಾತ್ರ ಇದ್ದಲ್ಲೇ ಇದೆ, ಕಕ್ಷಿದಾರನಿಗೆ ನಾವು ತೆರಿಗೆ ಇಳಿಸಿಕೊಡುವ ಏಜೆಂಟರು, ಕಲಿಸಿದ ಹುಡುಗರು ನಿಲ್ಲುವುದಿಲ್ಲ ಎನ್ನುತ್ತಾರೆ. ಈ ದೂರುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನೆಲ್ಲ ಕೇಳಿ ಬೆಳೆದ ಮಕ್ಕಳಿಗೆ ಈ ಕೆಲಸ ಯಾಕೆ ಇದೆ ಎಂಬುದನ್ನೇ ಯಾರೂ ಹೇಳಿರುವುದಿಲ್ಲ.

ನಿನ್ನ ಊರಿನಿಂದಲೇ ಶುರುಮಾಡುತ್ತೇನೆ. ಹಳೆಯ ಕಾರವಾರ ಇದ್ದದ್ದು ಈಗಿನ ಪಟ್ಟಣದ ಜಾಗದಲ್ಲಲ್ಲ, ಕಾಳಿ ಹೊಳೆಯ ದಂಡೆಯಲ್ಲಿ, ನಿಮ್ಮ ಕಡವಾಡದ ಆಸುಪಾಸಿನಲ್ಲಿ. 1638ರಲ್ಲಿ ಇಂಗ್ಲಿಷ್ ವರ್ತಕರಾದ ಕೋರ್ಟೀನ್ ಮಂಡಳಿಯವರು ಇಲ್ಲಿ ಕೋಠಿ ತೆರೆದರು. ಘಟ್ಟದ ಮೇಲಿನ ಕಾಳುಮೆಣಸು, ಏಲಕ್ಕಿ, ಹುಬ್ಬಳ್ಳಿ ಕಡೆಯ ನೇಯ್ಗೆಯ ಬಟ್ಟೆ ಈ ಹೊಳೆಯ ಬಾಯಿಯಿಂದ ಹಡಗು ಹತ್ತುತ್ತಿತ್ತು. ದುಡ್ಡು ಹಾಕಿದವರು ಕುಳಿತದ್ದು ಲಂಡನ್ನಿನಲ್ಲಿ. ಕಾಳಿಯನ್ನು ಅವರು ಕಂಡವರಲ್ಲ, ಮೆಣಸು ತೂಗುವುದನ್ನು ನೋಡಿದವರೂ ಅಲ್ಲ. ಇಲ್ಲಿ ಕುಳಿತವನು ಬರೆದು ಕಳಿಸಿದ ವಹಿಯೇ ಅವರಿಗೆ ಕಣ್ಣು. ದುಡ್ಡು ಹಾಕುವವನು ಒಂದು ಕಡೆ, ಅದನ್ನು ನಡೆಸುವವನು ಇನ್ನೊಂದು ಕಡೆ ಇರುವ ತನಕ ನಡುವೆ ನಿಂತು ‘ಈ ಲೆಕ್ಕ ನಂಬಬಹುದು’ ಎಂದು ಹೇಳುವ ಮೂರನೆಯವರು ಬೇಕು. ನೀನು ಕಲಿಯಹೊರಟಿರುವುದು ಆ ಮೂರನೆಯವರ ಕೆಲಸವನ್ನು.

ಇದು ಹಳೆಯ ಕಥೆಯೂ ಅಲ್ಲ, ದೂರದ್ದೂ ಅಲ್ಲ. ಕಾರವಾರ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿನ ಲೈಸೆನ್ಸನ್ನು ರಿಸರ್ವ್ ಬ್ಯಾಂಕು ರದ್ದುಮಾಡಿದ್ದು 2025ರ ಜುಲೈನಲ್ಲಿ. ಸಾಕಷ್ಟು ಬಂಡವಾಳವೂ ಇಲ್ಲ, ಗಳಿಸುವ ದಾರಿಯೂ ಕಾಣುವುದಿಲ್ಲ ಎಂದು ಅದು ಕಾರಣ ಕೊಟ್ಟಿತು. ಠೇವಣಿ ವಿಮೆ ಇರುವುದು 5 ಲಕ್ಷ ರೂಪಾಯಿ ತನಕ. ಅದಕ್ಕಿಂತ ಹೆಚ್ಚು ಇಟ್ಟವರ ಪಾಡನ್ನು ನಮ್ಮ ಪೇಟೆಯಲ್ಲಿ ನೀನೇ ಕೇಳಿರುತ್ತೀ. ಮಗಳ ಮದುವೆಗೆಂದು ಹಣ ಇಟ್ಟವರು, ನಿವೃತ್ತಿಯ ದುಡ್ಡು ಇಟ್ಟವರು ಯಾರೂ ಬ್ಯಾಲನ್ಸ್ ಶೀಟ್ ಓದಿ ಇಟ್ಟವರಲ್ಲ. ಅವರ ಪರವಾಗಿ ಓದಬೇಕಾದವರು ಯಾರು, ಯೋಚಿಸು.

ಇನ್ನು ಟಿಕ್ ಹೊಡೆಯುವ ಬೇಸರದ ಮಾತು. ಬೈತಖೋಲ ಬಂದರಿನ ಒಂದು ಪರ್ಸಿನ್ ಬೋಟಿನ ಲೆಕ್ಕ ನಿನ್ನ ಮುಂದೆ ಬಂತು ಎಂದುಕೋ. ಹರಾಜಿನಲ್ಲಿ ಮೀನು ಹೋದ ದರದ ಚೀಟಿ, ಡೀಸೆಲ್ ಬಿಲ್ಲು, ಐಸ್ ಫ್ಯಾಕ್ಟರಿಯ ಬಿಲ್ಲು, ರೇಷನ್ನಿನ ಖರ್ಚು ಎಲ್ಲ ಇವೆ. ಖರ್ಚು ಕಳೆದು ಉಳಿದದ್ದರಲ್ಲಿ ಮಾಲೀಕನಿಗೆ ಇಷ್ಟು, ಬೋಟು ನಡೆಸುವ ತಾಂಡೇಲನಿಗೆ ಇಷ್ಟು, ಖಲಾಸಿಗಳಿಗೆ ಇಷ್ಟು ಎಂದು ಪಾಲು ಹಾಕಿದ್ದಾರೆ. ಚೀಟಿಗೂ ವಹಿಗೂ ತಾಳೆ ನೋಡಿ ಟಿಕ್ ಹಾಕಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ನಿನಗೆ ಗೊತ್ತು. ಹಾಗಿರುವಾಗ ಜೂನ್ ಕೊನೆಯಲ್ಲಿ ಮೀನು ಮಾರಿದ ಹಣವೆಂದು ಒಂದು ಮೊತ್ತ ಜಮೆಯಾಗಿದ್ದರೆ ಏನು? ಏಪ್ರಿಲ್-ಮೇಯ ಬಾಕಿ ಏಜೆಂಟನಿಂದ ತಡವಾಗಿ ಬಂದದ್ದಿರಬಹುದು, ಅದು ನ್ಯಾಯವೇ. ಬೇರೆ ಯಾರದೋ ಹಣಕ್ಕೆ ಬೋಟಿನ ಖಾತೆ ದಾರಿಯಾಗಿರಲೂಬಹುದು. ಜುಲೈನಲ್ಲಿ ಡೀಸೆಲ್ ಬಿಲ್ ಇದ್ದರೆ? ಮೀನುಗಾರಿಕೆ ಡೀಸೆಲ್ಲಿಗೆ ಸರಕಾರ ತೆರಿಗೆ ವಿನಾಯಿತಿ ಕೊಡುತ್ತದೆ, ಅದಕ್ಕೆ ಕೋಟಾ ಇದೆ. ದಡದಲ್ಲಿ ಕಟ್ಟಿದ ಬೋಟು ಡೀಸೆಲ್ ಕುಡಿಯುವುದು ಹೇಗೆ ಎಂದು ಕೇಳಲೇಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಜಾಣ ಹುಡುಗ ಆ ಎರಡೂ ಚೀಟಿಗೆ ಟಿಕ್ ಹಾಕಿ ಮುಂದೆ ಹೋದಾನು, ನೀನು ನಿಲ್ಲುತ್ತೀ. ಆಡಿಟ್ ಎಂದರೆ ಹಾಗೆ ನಿಲ್ಲುವುದು. ಅಂಕೋಲೆಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಸ್ಟಾಕ್ ಎಣಿಸುವಾಗಲೂ, ಹಳ್ಳಿ ಸೊಸೈಟಿಯ ಗೊಬ್ಬರದ ಗೋದಾಮಿನಲ್ಲೂ ಇದೇ. ಊರಿನ ಮಳೆ, ಬೆಳೆ, ಹಬ್ಬ, ಹಂಗಾಮು ಬಲ್ಲವರ ಕಣ್ಣಿಗೆ ಅಂಕಿ ತಾನಾಗಿ ಎದ್ದು ಕಾಣುತ್ತದೆ. ಇದನ್ನು ಬೇಸರದ ಕೆಲಸ ಎನ್ನುವವರಿಗೆ ಪ್ರಶ್ನೆ ಕೇಳುವ ಅವಕಾಶವನ್ನು ಯಾರೂ ಕೊಟ್ಟಿಲ್ಲ, ಬರೀ ಟಿಕ್ ಹಾಕಿಸಿದ್ದಾರೆ. ಅವರ ಬಗ್ಗೆ ನನಗೆ ನಿಜವಾಗಿ ಮರುಕವಿದೆ.

ದೊಡ್ಡ ಫರ್ಮಿನ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿಯಾದ ಕಂಪನಿಯ ಆಡಿಟ್ ಹೇಗೆ ನಡೆಯುತ್ತದೆ, ಪ್ರತಿ ತೀರ್ಮಾನವನ್ನೂ ವರ್ಕಿಂಗ್ ಪೇಪರಿನಲ್ಲಿ ಹೇಗೆ ಬರೆದಿಡುತ್ತಾರೆ, ಒಬ್ಬರು ಮಾಡಿದ್ದನ್ನು ಮೇಲಿನವರು ಹೇಗೆ ಪರಿಶೀಲಿಸುತ್ತಾರೆ ಎಂಬ ಶಿಸ್ತು ಅಲ್ಲಿ ಸಿಗುವಷ್ಟು ಇಲ್ಲಿ ಸಿಗುವುದು ಕಷ್ಟ. ಆದರೆ ಒಂದೆರಡು ಸಂಗತಿ ತಿಳಿದು ಹೋಗು. ಬೋರ್ಡಿನ ಮೇಲಿನ ವಿದೇಶಿ ಹೆಸರು ಬೇರೆ, ಆಡಿಟ್ ವರದಿಗೆ ಸಹಿ ಹಾಕುವ ಭಾರತೀಯ ಫರ್ಮಿನ ಹೆಸರು ಬೇರೆ ಇರುತ್ತದೆ. ಕೆಪಿಎಂಜಿ ಬಳಗದಲ್ಲಿ ಬಿ.ಎಸ್.ಆರ್., ಇ.ವೈ. ಬಳಗದಲ್ಲಿ ಎಸ್.ಆರ್. ಬಾಟ್ಲಿಬಾಯ್ ಹೀಗೆ. ಆರ್ಟಿಕಲ್‌ಶಿಪ್ ಸೇರುವುದು ಪ್ರಾಕ್ಟೀಸಿನಲ್ಲಿರುವ ಸಿ.ಎ. ಕೈಕೆಳಗೆ. ಬೆಂಗಳೂರಿನ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಜನ ಮಾಡುತ್ತಿರುವ ಅಮೆರಿಕದ ತೆರಿಗೆ, ಅಮೆರಿಕದ ಆಡಿಟ್ ಕೆಲಸವೇ ಬೇರೆ, ಅದು ಆರ್ಟಿಕಲ್‌ಶಿಪ್ ಅಲ್ಲ. ಅಮೆರಿಕದಲ್ಲಿ ಲೆಕ್ಕಪರಿಶೋಧಕರ ಸಿ.ಪಿ.ಎ. ಲೈಸೆನ್ಸಿಗೆ 150 ಕ್ರೆಡಿಟ್ ಗಂಟೆಗಳ ಓದು ಬೇಕೆಂಬ ನಿಯಮದಿಂದಲೂ, ಸಂಬಳ ಸಾಲದೆಂದೂ ಮಕ್ಕಳು ಈ ಓದಿನ ಕಡೆ ಬರುವುದು ಕಡಿಮೆಯಾಯಿತು. 2025ರಲ್ಲಿ ಓಹಾಯೋದಂಥ ರಾಜ್ಯಗಳು ನಿಯಮವನ್ನೇ ಸಡಿಲಿಸಿದವು. ಅಲ್ಲಿ ಜನ ಸಾಲದ ಕೆಲಸ ಇಲ್ಲಿಗೆ ಹರಿದು ಬರುತ್ತಿದೆ. ಸಂಬಳ ಚೆನ್ನಾಗಿದೆ, ತಪ್ಪೇನಿಲ್ಲ. ಆದರೆ ಕಲಿಯುವ ಎರಡು ವರ್ಷ ಯಾವುದೋ ಒಂದೇ ತುಂಡು ಕೆಲಸಕ್ಕೆ ಕಟ್ಟಿಬೀಳಬಾರದು. ದೊಡ್ಡ ಫರ್ಮಿನಲ್ಲೂ ಅದು ಆಗುತ್ತದೆ: ಬ್ಯಾಂಕಿಗೆ, ಸಾಲಗಾರರಿಗೆ ದೃಢೀಕರಣ ಪತ್ರ ಕಳಿಸುವುದರಲ್ಲೇ ವರ್ಷ ಕಳೆದವರನ್ನು ಬಲ್ಲೆ.

ದುಡಿಮೆಯ ಹೊತ್ತಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಬೇಕು. 2024ರಲ್ಲಿ ಪುಣೆಯಲ್ಲಿ ಒಬ್ಬಳು ಎಳೆಯ ಸಿ.ಎ., ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಿಗೆ ತೀರಿಕೊಂಡಳು. ಅವಳ ತಾಯಿ ಬರೆದ ಪತ್ರ ದೇಶವೆಲ್ಲ ಓದಿತು. ಅದನ್ನು ಓದಿದ ರಾತ್ರಿ ನಿನ್ನಂಥ ಎಲ್ಲ ಮಕ್ಕಳೂ ನನ್ನ ಕಣ್ಣ ಮುಂದೆ ಬಂದರು. ಆರ್ಟಿಕಲ್ ವಿದ್ಯಾರ್ಥಿಗೆ ವಾರಕ್ಕೆ 35 ಗಂಟೆ ಎಂದು ನಮ್ಮ ಇನ್‌ಸ್ಟಿಟ್ಯೂಟಿನ ನಿಯಮವೇ ಇದೆ. ಏಪ್ರಿಲ್ ಬಂದರೆ ಬ್ಯಾಂಕ್ ಆಡಿಟ್, ಸೆಪ್ಟೆಂಬರ್ 30 ಹತ್ತಿರವಾದರೆ ಟ್ಯಾಕ್ಸ್ ಆಡಿಟ್. ಆಗ ಹೆಚ್ಚು ಹೊತ್ತು ಕೂರಬೇಕಾದೀತು, ಚೌತಿಗೆ ಊರಿಗೆ ಬರಲು ರಜೆ ಸಿಗದಿದ್ದೀತು. ಹಂಗಾಮಿನ ಒತ್ತಡ ಬೇರೆ, ವರ್ಷವಿಡೀ ನಿದ್ದೆಗೆಟ್ಟು ದುಡಿಯುವುದನ್ನೇ ಹೆಮ್ಮೆ ಎಂದು ತಿಳಿಯುವ ಜಾಗ ಬೇರೆ. ಎರಡನೆಯ ಥರದ ಜಾಗದಲ್ಲಿ ಸಿಕ್ಕಿಬಿದ್ದರೆ ಮನೆಗೆ ಫೋನು ಮಾಡು. ಅಪ್ಪನಿಗೆ ಹೇಳಲು ಸಂಕೋಚವಾದರೆ ನನಗೆ ಮಾಡು. ಕಾರವಾರದ ಶಿರವಾಡ ಸ್ಟೇಷನ್ನಿಗೆ ಬರುವ ಪಂಚಗಂಗಾ ರೈಲು ಪ್ರತಿ ರಾತ್ರಿ ಬೆಂಗಳೂರು ಬಿಡುತ್ತದೆ.

ಸಣ್ಣ ಆಫೀಸಿನ ಕಥೆಯನ್ನೂ ಮರೆಮಾಚುವುದಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಉಳಿದ ದಿನ ಟ್ಯಾಲಿ ಎಂಟ್ರಿ ಎಂದು ಎರಡು ವರ್ಷ ಉರುಳಿಬಿಡಬಹುದು. ಸ್ಟೈಪೆಂಡ್ ಕನಿಷ್ಠ ದರ ಊರಿನ ಜನಸಂಖ್ಯೆಯ ಮೇಲೆ ನಿಂತದ್ದು, ಹಾಗಾಗಿ ಕಾರವಾರದಲ್ಲಿ ಅದು ಅತಿ ಕಡಿಮೆ ಸಾಲಿನದು. ಆದರೂ ಒಳ್ಳೆಯ ಸಣ್ಣ ಆಫೀಸು ಸಿಕ್ಕರೆ ವೌಚರಿನಿಂದ ಹಿಡಿದು ಆಡಿಟ್ ವರದಿಯ ತನಕ ಒಂದೇ ಫೈಲನ್ನು ನೀನೇ ನಡೆಸುತ್ತೀ. ಕಕ್ಷಿದಾರನ ಎದುರು ಕುಳಿತು ಪ್ರಶ್ನೆ ಕೇಳುತ್ತೀ, ನಿನ್ನ ಸರ್ ಅವನಿಗೆ ‘ಆಗುವುದಿಲ್ಲ’ ಎಂದು ಹೇಳುವುದನ್ನು ಕಿವಿಯಾರೆ ಕೇಳುತ್ತೀ. ಅದನ್ನು ಪುಸ್ತಕದಲ್ಲಿ ಕಲಿಯಲಾಗದು. ನಾವು ಬೇರೆ ವ್ಯಾಪಾರದವರ ಹಾಗೆ ಮನಬಂದಂತೆ ಜಾಹೀರಾತು ಕೊಡುವಂತಿಲ್ಲ, ಉಳಿಸಿಕೊಟ್ಟ ತೆರಿಗೆಯಲ್ಲಿ ಇಷ್ಟು ಪರ್ಸೆಂಟ್ ಎಂದು ಫೀ ಕೇಳುವಂತಿಲ್ಲ. ಸಣ್ಣ ಊರಿನಲ್ಲಿ ಒಬ್ಬ ಸಿ.ಎ. ಬಾಳುವುದು ಅವರ ಮಾತಿನ ಮೇಲಿನ ನಂಬಿಕೆಯಿಂದ ಮಾತ್ರ. ಪ್ರತಿ ದಿನ ಪೇಟೆಯಲ್ಲಿ ಎದುರಾಗುವ ಮನುಷ್ಯನಿಗೆ ‘ಆಗುವುದಿಲ್ಲ’ ಎನ್ನುವುದು ದೂರದ ಕಂಪನಿಗೆ ಹೇಳಿದಷ್ಟು ಸುಲಭವಲ್ಲ, ಗೊತ್ತಿರಲಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡ. ಹೆಸರಿಗಷ್ಟೇ ಆರ್ಟಿಕಲ್‌ಶಿಪ್ ಹಾಕಿಸಿಕೊಂಡು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಮನೆಯಲ್ಲೋ ಕೋಚಿಂಗಿನಲ್ಲೋ ಕುಳಿತು ಫೈನಲ್ ಓದುವ ‘ಡಮ್ಮಿ’ಯ ದಾರಿಯನ್ನು ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಫೈನಲ್ ಕಠಿಣ ಹೌದು. 2023ರ ನವೆಂಬರಿನಲ್ಲಿ ಎರಡೂ ಗ್ರೂಪ್ ಬರೆದವರಲ್ಲಿ ನೂರಕ್ಕೆ ಹತ್ತು ಜನವೂ ಪಾಸಾಗಲಿಲ್ಲ, 2024ರ ಮೇಯಲ್ಲಿ ಇಪ್ಪತ್ತರ ಹತ್ತಿರ ಬಂತು. ಆ ಹೆದರಿಕೆಯಿಂದಲೇ ಮಕ್ಕಳು ಡಮ್ಮಿಗೆ ಒಪ್ಪುತ್ತಾರೆ. ಆದರೆ ತಂಗಿ, ನಾಳೆ ನೀನು ಒಂದು ಫ್ಯಾಕ್ಟರಿಯ ಹಾಜರಿ ಪುಸ್ತಕ ತೆರೆದು, ಇಲ್ಲದ ಕೂಲಿಗಳ ಹೆಸರಿನಲ್ಲಿ ಸಂಬಳ ಬರೆದಿದ್ದಾರೋ ಎಂದು ನೋಡಬೇಕಾದವಳು. ನಿನ್ನ ವೃತ್ತಿಯ ಮೊದಲ ದಾಖಲೆಯೇ ಸುಳ್ಳಾದರೆ ಅವರನ್ನು ಯಾವ ಬಾಯಲ್ಲಿ ಕೇಳುತ್ತೀ? ಸಿ.ಎ. ಅಲ್ಲದವರು ಸಿ.ಎ. ಸಹಿ ಹಾಕಿ ಸರ್ಟಿಫಿಕೇಟ್ ಕೊಡುವುದು ಹೆಚ್ಚಾಯಿತೆಂದೇ 2019ರಿಂದ ಪ್ರತಿ ಸಹಿಗೂ 18 ಅಂಕಿಯ ಯುಡಿಐಎನ್ ಕಡ್ಡಾಯವಾದದ್ದು. ಸಹಿ ನಿಜವಾದದ್ದೇ ಎಂದು ಆ ಸಂಖ್ಯೆ ಹೇಳೀತು. ಸಹಿ ಹಾಕಿದವರು ಲೆಕ್ಕ ನೋಡಿದ್ದಾರೆಯೇ ಎಂದು ಹೇಳಲು ಯಾವ ಸಂಖ್ಯೆಗೂ ಆಗುವುದಿಲ್ಲ.

ಹೆಣ್ಣುಮಗಳಿಗೆ ಇಷ್ಟು ಓಡಾಟದ ಕೆಲಸವೇ ಎಂದು ನಿಮ್ಮ ಕಡೆಯ ಹಿರಿಯರೊಬ್ಬರು ಅಂದರಂತೆ. ಅವರಿಗೆ ಆರ್. ಶಿವಭೋಗಂ ಅವರ ಕಥೆ ಹೇಳು. ಮದ್ರಾಸಿನವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು ಬಂದು, 1933ರಲ್ಲಿ ದೇಶದ ಮೊದಲ ಮಹಿಳಾ ಅಕೌಂಟೆಂಟ್ ಆದವರು. 1930ರ ಉಪ್ಪಿನ ಸತ್ಯಾಗ್ರಹ ಕಂಡ ಅಂಕೋಲೆಯ ಪಕ್ಕದವರಿಗೆ ಆ ಕಥೆ ಅರ್ಥವಾಗದೆ ಇರದು.

ಹಾಗಾದರೆ ಎಲ್ಲಿ ಸೇರಬೇಕು? ಬೆಂಗಳೂರಾಗಲಿ, ಹುಬ್ಬಳ್ಳಿಯಾಗಲಿ, ಕಾರವಾರವಾಗಲಿ, ನಿನ್ನ ಕೆಲಸವನ್ನು ಕುಳಿತು ನೋಡುವ ಒಬ್ಬರು ಇರುವ ಕಡೆ. ಸಂದರ್ಶನಕ್ಕೆ ಹೋದಾಗ ಅವರು ಮಾತ್ರ ಪ್ರಶ್ನೆ ಕೇಳಬೇಕೆಂದಿಲ್ಲ, ನೀನೂ ವಿನಯದಿಂದ ಕೇಳು. ನಾನು ಬರೆದ ವರ್ಕಿಂಗ್ ಪೇಪರನ್ನು ಯಾರು ಓದುತ್ತಾರೆ? ಕಕ್ಷಿದಾರರ ಹತ್ತಿರ ವಿವರ ಕೇಳುವಾಗ ನನ್ನನ್ನೂ ಕೂರಿಸಿಕೊಳ್ಳುತ್ತೀರಾ? ಫೈನಲ್ಲಿಗೆ ಎಷ್ಟು ರಜೆ? ಉತ್ತರಕ್ಕಿಂತ ಆ ಪ್ರಶ್ನೆ ಕೇಳಿಸಿಕೊಂಡ ಮುಖ ನೋಡು. ಆಮೇಲೆ ಅಲ್ಲೇ ಕೆಲಸ ಮಾಡುವ ಎರಡನೆಯ ವರ್ಷದ ಹುಡುಗಿಯೊಬ್ಬಳನ್ನು ಹೊರಗೆ ಚಹಾಕ್ಕೆ ಕರೆದು ಮಾತಾಡಿಸು. ಯಾವ ವೆಬ್‌ಸೈಟಿನಲ್ಲೂ ಇಲ್ಲದ್ದು ಅವಳಿಂದ ತಿಳಿಯುತ್ತದೆ. ಗೆಳತಿ ಹೇಳಿದಂತೆ ಪಾಸಾದ ಮೇಲೆ ಕಂಪನಿಗೆ ಹೋಗುವುದಿದ್ದರೆ ಹೋಗು, ಅದೂ ಮರ್ಯಾದೆಯ ಕೆಲಸವೇ. ಆದರೆ ಪ್ರಾಕ್ಟೀಸನ್ನು ನೋಡದೆಯೇ ಬೇಡವೆನ್ನಬೇಡ. ನಮ್ಮ ಜಿಲ್ಲೆಯ ಸೊಸೈಟಿಗಳಿಗೆ, ಬೋಟಿನವರಿಗೆ, ಅಂಗಡಿಯವರಿಗೆ ಲೆಕ್ಕ ಬಲ್ಲ, ಹೆದರದ ಜನ ಬೇಕಾಗಿದ್ದಾರೆ. ದಿನಕರ ದೇಸಾಯಿಯವರ ಟ್ರಸ್ಟು ಈ ಮೂಲೆಯಲ್ಲಿ ಶಾಲೆ ಕಾಲೇಜು ಕಟ್ಟಿದ್ದು ಇಲ್ಲಿನ ಮಕ್ಕಳೆಲ್ಲ ಊರು ಬಿಟ್ಟು ಹೋಗಲಿ ಎಂದಲ್ಲವಷ್ಟೆ.

ಬೆಂಗಳೂರಿನಿಂದ ಈಗಾಗಲೇ ಒಂದು ಆಫರ್ ಪತ್ರ ಬಂದಿದೆಯಲ್ಲ, ಅದನ್ನು ಭಾನುವಾರ ಅಪ್ಪನ ಜೊತೆ ತಗೊಂಡು ಬಾ. ರಜೆಯ ಬಗ್ಗೆ, ಪರೀಕ್ಷೆಯ ಬಗ್ಗೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಮೂವರೂ ಕೂತು ಓದೋಣ. ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ, ಕಲಿಸುವುದರಲ್ಲಿ ಕಟ್ಟುನಿಟ್ಟು. ಅವರಿಗೆ ಅಷ್ಟರೊಳಗೆ ಫೋನು ಮಾಡಿ ಜಾಗ ಇದೆಯೇ ಎಂದು ಕೇಳಿಟ್ಟಿರುತ್ತೇನೆ.